ಮಿಲ್ಲಿನವನ ಗಂಟಲು, ನಿಲ್ಲದ ಪೆಡಲು

ನಮ್ಮ ಮನೆಯಲ್ಲಿ ಮೆತ್ತಗೆ ಮಾತಾಡುವವರು ಯಾರೂ ಇಲ್ಲ ಅಂತ ಬೀದಿಯವರು ನಗುತ್ತಾರೆ. ಅದು ತಪ್ಪು. ನನ್ನ ಹೆಂಡತಿ ಮೆತ್ತಗೇ ಮಾತಾಡುತ್ತಾಳೆ, ಮಗಳೂ ಅಷ್ಟೇ. ಕೂಗುವವನು ನಾನೊಬ್ಬನೇ, ಅವರಿಬ್ಬರ ಪಾಲನ್ನೂ ಸೇರಿಸಿ ಕೂಗುತ್ತೇನೆ. ನಂಜನಗೂಡಿನ ಪೇಟೆಯಲ್ಲಿ ನಮ್ಮದು ಹಿಟ್ಟಿನ ಮಿಲ್. ಅಪ್ಪನ ಕಾಲದ್ದು, ಮನೆಗೆ ಅಂಟಿಕೊಂಡೇ ಇದೆ. ಮೋಟಾರು, ಬೆಲ್ಟು, ಬೀಸುವ ಕಲ್ಲು ಮೂರೂ ಒಟ್ಟಿಗೆ ತಿರುಗಲು ಶುರುವಾದರೆ ಪಕ್ಕದಲ್ಲಿ ನಿಂತವರ ಮಾತು ಕೇಳುವುದಿಲ್ಲ. ರಾಗಿ ತಂದವರನ್ನು 'ನುಣ್ಣಗೋ, ತರಿತರಿಗೋ' ಅಂತ ಕೇಳಬೇಕಾದರೂ ಗಂಟಲು ಹರಿಯುವ ಹಾಗೆ ಕೇಳಬೇಕು. ಮೂವತ್ತು ವರ್ಷ ಹಾಗೆ ಕೇಳಿದವನಿಗೆ ಮಿಲ್ ನಿಂತ ಮೇಲೂ ದನಿ ಇಳಿಯುವುದಿಲ್ಲ. ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ನಾನು ಪಿಸುಗುಟ್ಟಿದರೆ ಅರ್ಚಕರು ತಿರುಗಿ ನೋಡುತ್ತಾರೆ. ಅದರ ಜೊತೆಗೆ ಕೋಪ ಬೇರೆ, ಮೂಗಿನ ತುದಿಯಲ್ಲೇ ಕೂತಿರುತ್ತದೆ.

ಜೋರು ದನಿಯಿಂದ ಒಂದು ಅನುಕೂಲವಿದೆ. ಕೂಗಿದರೆ ಕೆಲಸ ಆಗುತ್ತದೆ. ಮಗಳು ಚಿಕ್ಕವಳಿದ್ದಾಗ ಮಿಲ್ಲಿನೊಳಗೇ ಆಡಿಕೊಂಡು ಬೆಳೆದಳು. ಓಡುವ ಬೆಲ್ಟಿನ ಹತ್ತಿರ ಮಗು ಹೋದರೆ ಏನಾಗುತ್ತದೆ ಅಂತ ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದ್ದರಿಂದ ಅವಳಿಗೆ ಅ ಆ ಇ ಈ ಕಲಿಸುವ ಮೊದಲೇ ಒಂದು ಪಾಠ ಕಲಿಸಿದ್ದೆ. ಅಪ್ಪ 'ನಿಲ್ಲು' ಅಂತ ಕೂಗಿದರೆ ನಿಲ್ಲಬೇಕು, ಯಾಕೆ ಅಂತ ಕೇಳಬಾರದು, ತಿರುಗಿ ಕೂಡ ನೋಡಬಾರದು. ಅವಳು ಕಲಿತಳು. ಎಷ್ಟು ಓಟದಲ್ಲಿದ್ದರೂ ನನ್ನ ಒಂದು ಕೂಗಿಗೆ ಎತ್ತಿದ ಕಾಲು ಎತ್ತಿದ ಹಾಗೇ ನಿಲ್ಲುತ್ತಿದ್ದಳು. ಹಿಟ್ಟಿಗೆ ಬಂದವರು ಬೆರಗಾಗುತ್ತಿದ್ದರು. 'ನೋಡ್ರಪ್ಪಾ, ನನ್ನ ಮಗಳು ನನ್ನ ಮಾತು ಮೀರಲ್ಲ' ಅಂತ ನಾನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದೆ.

ಅವಳಿಗೆ ಸೈಕಲ್ ಹುಚ್ಚು ಹಿಡಿದದ್ದು ಮೈಸೂರಿನ ಕಾಲೇಜಿಗೆ ಸೇರಿದ ಮೇಲೆ. ಬೆಳಗಿನ ರೈಲಿಗೆ ಹೋಗಿ ಸಾಯಂಕಾಲದ ರೈಲಿಗೆ ಬರುತ್ತಿದ್ದಳು. ಮಧ್ಯೆ ಎಲ್ಲೋ ರೇಸಿನವರ ಸಹವಾಸವಾಯಿತು. ಬಾಣಲೆಯ ಒಳಮೈಯಂತೆ ಓರೆಯಾಗಿ ಕಟ್ಟಿದ ಟ್ರ್ಯಾಕಿನಲ್ಲಿ ಸುತ್ತು ಹೊಡೆಯುವ ರೇಸು ಅದು. ರೇಸು ಬಿಟ್ಟು ಮದುವೆಯಾಗಿ ಹೋದ ಹುಡುಗಿಯೊಬ್ಬಳು ತನ್ನ ಸೈಕಲ್ಲನ್ನು ಇವಳಿಗೆ ಕೊಟ್ಟಳು. ಎರಡು ವರ್ಷ ಕಲಿತಳು. ಬೇಸಿಗೆಯಲ್ಲಿ ರಾಜ್ಯದ ತಂಡಕ್ಕೆ ಆಯ್ಕೆ ಇದೆ, ಹೆಸರು ಕೊಟ್ಟಿದ್ದೇನೆ ಅಂತ ಒಂದು ದಿನ ಊಟಕ್ಕೆ ಕೂತಾಗ ಹೇಳಿದಳು. ನಾನು ತಟ್ಟೆ ಬಿಟ್ಟೆದ್ದು ಬೀದಿಗೆಲ್ಲ ಕೇಳುವ ಹಾಗೆ ಸಂತೋಷಪಟ್ಟೆ.

ಆ ಸೈಕಲ್ಲಿಗೆ ಫ್ರೀವೀಲ್ ಇಲ್ಲ. ನಮ್ಮ ಮಾಮೂಲಿ ಸೈಕಲ್ಲಿನಲ್ಲಿ ಕಾಲು ನಿಲ್ಲಿಸಿದರೆ ಹಿಂದಿನ ಚಕ್ರ ಟಿಕಟಿಕ ಅನ್ನುತ್ತ ತಾನೇ ಓಡುತ್ತದಲ್ಲ, ಅದು ಇದರಲ್ಲಿ ಆಗುವುದಿಲ್ಲ. ಚಕ್ರ ತಿರುಗುವವರೆಗೂ ಪೆಡಲ್ ತಿರುಗಲೇಬೇಕು, ಪೆಡಲ್ ತಿರುಗುವವರೆಗೂ ಕಾಲು ತಿರುಗಲೇಬೇಕು. ನಿಧಾನ ಮಾಡಬೇಕಾದರೆ ಮೇಲೆ ಬರುವ ಪೆಡಲ್ಲಿಗೆ ಕಾಲಿನ ಭಾರ ಕೊಟ್ಟು ತಡೆಯಬೇಕು. ಟ್ರ್ಯಾಕಿನಲ್ಲಿ ಬ್ರೇಕೇ ಇರುವುದಿಲ್ಲ. ರೋಡಿಗೆ ತರುವಾಗ ಮುಂದಿನ ಚಕ್ರಕ್ಕೆ ಮಾತ್ರ ಒಂದು ಬ್ರೇಕ್ ಹಾಕಿಸಿಕೊಂಡಿದ್ದಳು. ಇದನ್ನೆಲ್ಲ ಅವಳು ನನಗೆ ವಿವರಿಸಿ ಹೇಳಿದ್ದಳು. ನಾನು ಹೂಂ ಹೂಂ ಅಂದಿದ್ದೆ. ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಆ ವರ್ಷ ಸಂಕ್ರಾಂತಿಗೆ ಒಂದು ವಾರ ಇತ್ತು. ನನ್ನ ಹೆಂಡತಿಯ ತವರು ತಿ. ನರಸೀಪುರ. ನಂಜನಗೂಡಿನಿಂದ ಅಲ್ಲಿಗೆ ಸೈಕಲ್ಲಿನಲ್ಲಿ ಹೋಗಿ, ಅಜ್ಜಿಯ ಮನೆಯಲ್ಲಿ ಊಟ ಮಾಡಿ ಬರುತ್ತೇನೆ, ಒಳ್ಳೆಯ ಅಭ್ಯಾಸವಾಗುತ್ತದೆ ಅಂತ ಮಗಳು ಹೊರಟಳು. ಒಬ್ಬಳನ್ನೇ ಕಳಿಸುವುದು ಹೇಗೆ ಅಂತ ನಾನು ಸ್ಕೂಟರಿನಲ್ಲಿ ಹಿಂದೆ ಹೊರಟೆ. ನೀರಿನ ಬಾಟಲು, ಒಂದು ಚಿಪ್ಪು ಬಾಳೆಹಣ್ಣು, ಜೊತೆಗೆ ನನ್ನ ಬಾಯಿ. ದಾರಿಯುದ್ದಕ್ಕೂ 'ಎಡಕ್ಕಿರು', 'ಬಸ್ ಬಂತು', 'ಹಳ್ಳ ಇದೆ' ಅಂತ ಹೇಳುತ್ತಲೇ ಹೋದೆ. ಅವಳು ಒಂದು ಸಲವೂ ಬೇಸರ ತೋರಿಸಲಿಲ್ಲ.

ಅರ್ಧ ದಾರಿ ಕಳೆದ ಮೇಲೆ ಒಂದು ಹಳ್ಳಿಯ ಇಳಿಜಾರು. ಕೆಳಗೆ ರಸ್ತೆಯ ಅಡ್ಡಕ್ಕೂ ಹುರುಳಿ ಹಾಸಿದ್ದರು. ನಮ್ಮ ಕಡೆ ಈಗ ಕಣ ಮಾಡುವವರು ಕಡಿಮೆ, ಟಾರು ರೋಡೇ ಕಣ. ಕಿತ್ತ ಹುರುಳಿ ಗಿಡವನ್ನು ರಸ್ತೆಗೆ ಹಾಸಿಬಿಟ್ಟರೆ ಬಸ್ಸು, ಲಾರಿ, ಟ್ರ್ಯಾಕ್ಟರು ಹತ್ತಿ ಹತ್ತಿ ಕಾಳು ಉದುರುತ್ತದೆ. ಮಧ್ಯಾಹ್ನಕ್ಕೆ ಹೊಟ್ಟು ತೂರಿ ಮನೆಗೆ ಒಯ್ಯುತ್ತಾರೆ. ಸೈಕಲ್ಲಿನವರಿಗೆ ಅದು ಫಜೀತಿ. ಪೆಡಲ್ ತುಳಿದುಕೊಂಡೇ ಹೋದರೆ ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ. ಅದಕ್ಕೇ ಈ ಸೀಮೆಯಲ್ಲಿ ಸೈಕಲ್ ಕಲಿತ ಪ್ರತಿಯೊಬ್ಬನಿಗೂ ಒಂದು ಬುದ್ಧಿ ಮಾತು ಹೇಳಿರುತ್ತಾರೆ. ಹುರುಳಿ ಬಂದರೆ ಕಾಲು ನಿಲ್ಲಿಸು, ಬಂದ ಓಟದಲ್ಲೇ ದಾಟು. ನನಗೆ ಅಪ್ಪ ಹೇಳಿದ್ದ. ನಾನು ಬಾರ್ ಒಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತಿದ್ದ ವಯಸ್ಸಿನಿಂದ ಹಾಗೇ ದಾಟಿದ್ದೇನೆ.

ಮಗಳು ಇಳಿಜಾರಿನಲ್ಲಿ ವೇಗ ತಗ್ಗಿಸುತ್ತ ಹೋಗುತ್ತಿದ್ದಳು. ಮುಂದಿನ ಚಕ್ರ ಹುರುಳಿಯ ಅಂಚಿಗೆ ಬಂತು, ಕಾಲು ಇನ್ನೂ ತಿರುಗುತ್ತಲೇ ಇತ್ತು. ಮಿಲ್ಲಿನಲ್ಲಿ ಕೂಗುವ ದನಿಯಲ್ಲೇ ಕೂಗಿದೆ. 'ಕಾಲ್ ನಿಲ್ಸು! ಕಾಲ್ ನಿಲ್ಸು!'

ಆಮೇಲೆ ನೋಡಿದ್ದು ಸೈಕಲ್ ಒಂದು ಕಡೆ, ಅವಳು ಒಂದು ಕಡೆ. ಹೆಲ್ಮೆಟ್ಟು ತಲೆ ಉಳಿಸಿತು. ಹೆಗಲಿನ ಮುಂದಿನ ಎಲುಬು ಮುರಿದಿತ್ತು.

ಹುರುಳಿ ಹಾಸಿದ ಹೆಂಗಸು ಪೊರಕೆ ಬಿಸಾಕಿ ಓಡಿ ಬಂದಳು. ನನಗಿಂತ ಹಿರಿಯಳು. ತನ್ನ ಸೆರಗನ್ನೇ ಹರಿದು ಮಗಳ ತೋಳನ್ನು ಕುತ್ತಿಗೆಗೆ ಕಟ್ಟಿದಳು. ಆಕೆ ಏನೋ ಹೇಳಲು ಬಾಯಿ ತೆರೆದಳು, ನಾನು ಬಿಡಲಿಲ್ಲ. ರೋಡು ನಿಮ್ಮಪ್ಪಂದಾ ಅಂತ ಶುರುಮಾಡಿದವನು ಎಲ್ಲೆಲ್ಲಿಗೋ ಹೋದೆ. ಊರಿನವರು ಸೇರಿದರು. ಆಟೋ ಬರುವವರೆಗೂ ಬೈದೆ. ಆಕೆ ಮಗಳ ಮುಖಕ್ಕೆ ಬಿಸಿಲು ಬೀಳದ ಹಾಗೆ ಅಡ್ಡ ನಿಂತಿದ್ದಳು.

ಎಲುಬು ಕೂಡಿತು. ಯುಗಾದಿ ಹೊತ್ತಿಗೆ ಡಾಕ್ಟರು ಇನ್ನು ಏನು ಬೇಕಾದರೂ ಮಾಡಬಹುದು ಅಂದರು. ಬೇಸಿಗೆಯ ಆಯ್ಕೆ ಹೇಗೂ ತಪ್ಪಿಹೋಗಿತ್ತು. ಮಗಳು ಸೈಕಲ್ಲನ್ನು ಮಿಲ್ಲಿನ ಹಿಂದಿನ ಗೋಡೆಯ ಕೊಕ್ಕೆಗೆ ತಾನೇ ನೇತುಹಾಕಿದಳು. ಆಮೇಲೆ ಅದನ್ನು ಮುಟ್ಟಲಿಲ್ಲ. ರೇಸು ಕಲಿಸುವ ಮೇಡಂ ಫೋನ್ ಮಾಡಿದರೆ ಓದು ಜಾಸ್ತಿಯಾಗಿದೆ ಅಂದಳು. ಯಾರು ಕೇಳಿದರೂ 'ನನ್ನದೇ ತಪ್ಪು, ಆಯ ತಪ್ಪಿದೆ' ಅನ್ನುತ್ತಿದ್ದಳು. ನಾನು ಮಾತ್ರ ಹಿಟ್ಟಿಗೆ ಬಂದವರಿಗೆಲ್ಲ ಬೇರೆ ಕತೆ ಹೇಳುತ್ತಿದ್ದೆ. ಹಿಂದಕ್ಕೆ ಬ್ರೇಕೇ ಇಲ್ಲದ ದರಿದ್ರ ಸೈಕಲ್ಲು, ಅದರ ಮೇಲೆ ರೋಡಿನ ತುಂಬ ಹುರುಳಿ, ಇನ್ನೇನಾಗುತ್ತದೆ ಹೇಳಿ. ಎಲ್ಲರೂ ತಲೆಯಾಡಿಸುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ನನಗೆ ಗೊತ್ತಿಲ್ಲದ್ದೇನಲ್ಲ. ಅದು ನನಗೇ ಹೇಳಿದ್ದು ಅಂತ ಮಾತ್ರ ಹೊಳೆಯಲಿಲ್ಲ.

ಮಗಳು ಹೆದರಿದ್ದಾಳೆ ಅಂತ ನಾನು ತೀರ್ಮಾನಿಸಿದ್ದೆ. ಸಾಯಂಕಾಲ ಸ್ಟೇಷನ್ನಿನಿಂದ ಬಂದವಳು ಹಿಂದಿನ ಬಾಗಿಲಿನಿಂದ ಒಳಗೆ ಬರುವುದನ್ನೇ ಬಿಟ್ಟಿದ್ದಳು, ಅಲ್ಲಿ ಸೈಕಲ್ ಕಾಣುತ್ತದೆ ಅಂತ. ಅದು ನನ್ನ ಹೊಟ್ಟೆ ಉರಿಸುತ್ತಿತ್ತು. ಇಷ್ಟು ಚೆನ್ನಾಗಿ ಓಡಿಸುವ ಹುಡುಗಿ ಹೀಗೆ ಸುಮ್ಮನೆ ಬಿಟ್ಟುಬಿಡುವುದೇ? ಇನ್ನೊಂದು ಬೇಸಿಗೆ ಬರುತ್ತದೆ, ಇನ್ನೊಂದು ಆಯ್ಕೆ ಬರುತ್ತದೆ. ಅದೂ ತಪ್ಪಿದರೆ ಈ ಹುಡುಗಿ ಮತ್ತೆ ಸೈಕಲ್ ಹತ್ತುವುದಿಲ್ಲ ಅಂತ ನನಗೆ ಖಾತ್ರಿಯಾಗಿತ್ತು. ದಸರಾ ಮುಗಿದ ವಾರ ನನಗೆ ಒಂದು ಉಪಾಯ ಹೊಳೆಯಿತು. ಐವತ್ತಮೂರು ವರ್ಷದ ನಾನೇ ಈ ಹೊಟ್ಟೆ ಹೊತ್ತುಕೊಂಡು ಆ ಸೈಕಲ್ ಓಡಿಸಿ ತೋರಿಸಿದರೆ ಅವಳ ಹೆದರಿಕೆ ಹೋಗದೆ ಏನು ಮಾಡುತ್ತದೆ? ಈಗ ಯೋಚಿಸಿದರೆ, ಅದರಲ್ಲೂ ಅವಳನ್ನು ನಾಚಿಸಿ ಗೆಲ್ಲುವ ಆಸೆಯೇ ಇತ್ತು.

ಸಂತೆಬೀದಿಯ ಕೊನೆಯಲ್ಲಿ ಒಂದು ಹಳೆಯ ಸೈಕಲ್ ಶಾಪಿದೆ. ಅದರ ಯಜಮಾನರು ಎಪ್ಪತ್ತು ದಾಟಿದವರು. ಪ್ರಾಯದಲ್ಲಿ ಹಳ್ಳಿ ಹಳ್ಳಿಯ ಸ್ಕೂಲ್ ಮೈದಾನದಲ್ಲಿ ಮೈಕು ಕಟ್ಟಿಸಿ, ದಿನಗಟ್ಟಲೆ ಸೈಕಲ್ಲಿನಿಂದ ಇಳಿಯದೆ ಸುತ್ತು ಹೊಡೆದು ತೋರಿಸುತ್ತಿದ್ದವರು. ಊಟ, ಸ್ನಾನ ಎಲ್ಲ ಸೈಕಲ್ ಮೇಲೇ. ಹಿಂದಕ್ಕೂ ಓಡಿಸಬೇಕಲ್ಲ, ಅದಕ್ಕೆ ಫ್ರೀವೀಲ್‌ಗೆ ವೆಲ್ಡಿಂಗ್ ಹೊಡೆಸಿ ಬಿಗಿ ಮಾಡಿಕೊಳ್ಳುತ್ತಿದ್ದರಂತೆ. ಮಗಳು ಬೆಳಗಿನ ರೈಲಿಗೆ ಹೋದ ಮೇಲೆ ಸೈಕಲ್ ತಳ್ಳಿಕೊಂಡು ಅವರ ಮುಂದೆ ನಿಂತೆ.

"ಏನ್ ಸಾವ್ಕಾರ್ರೇ, ಮಾರಕ್ ತಂದ್ರಾ?"

"ಓಡ್ಸಕ್ಕೆ."

"ಯಾರು?"

"ನಾನೇ ಕಣ್ರೀ ಯಜಮಾನ್ರೇ."

ಅವರು ನನ್ನ ಹೊಟ್ಟೆ ನೋಡಿದರು, ಸೈಕಲ್ಲಿನ ಸೀಟು ನೋಡಿದರು, ಕೊನೆಗೆ ನನ್ನ ಪಂಚೆ ನೋಡಿದರು. "ಇದ್ನ ಉಟ್ಕಂಡ್ ಅತ್ತಂಗಿಲ್ಲ. ಪಂಚೆ ಚೈನ್ಗ್ ಸಿಕ್ಕುದ್ರೆ ಬ್ಯಾರೆ ಸೈಕಲ್ಲು ನಿಂತ್ಕತದೆ. ಇದು ನಿಲ್ಲಕಿಲ್ಲ, ನಿಮ್ಮನ್ನೂ ಸೇರ್ಸಿ ಸುತ್ಕತದೆ. ನಿಮ್ ಮಿಲ್ಲಲ್ಲಿ ಬೆಲ್ಟ್ ಮುಂದೆ ಟವಲ್ ಆಕ್ಕಂಡ್ ನಿಂತ್ಕತೀರಾ?"

ಆ ಮಾತು ನೇರ ತಲೆಗೆ ಹೋಯಿತು. ಮನೆಗೆ ಹೋಗಿ ಮಗಳ ಕಾಲೇಜಿನ ಫಂಕ್ಷನ್‌ಗೆ ಹೊಲಿಸಿದ್ದ ಪ್ಯಾಂಟು ಹಾಕಿಕೊಂಡು, ಬಲಗಾಲಿನ ತುದಿಯನ್ನು ದಾರದಿಂದ ಬಿಗಿದು ಕಟ್ಟಿ, ಸ್ಕೂಟರಿನ ಹೆಲ್ಮೆಟ್ಟು ಇಟ್ಟುಕೊಂಡು ಬಂದೆ. ಅಷ್ಟು ಹೊತ್ತಿಗೆ ಅವರು ಚೈನು ಎಳೆದು ನೋಡಿ, ಚಕ್ರದ ನಟ್ಟು ಬಿಗಿಮಾಡಿ, ಮುಂದಿನ ಬ್ರೇಕನ್ನು ಎರಡು ಸಲ ಪರೀಕ್ಷಿಸಿ, ಪೆಡಲ್ಲಿನಲ್ಲಿ ಪಾದ ಕಟ್ಟುವ ಪಟ್ಟಿಗಳನ್ನು ಬಿಚ್ಚಿಟ್ಟಿದ್ದರು. ಕಲಿಯುವವನಿಗೆ ಸದ್ಯಕ್ಕೆ ಪಟ್ಟಿ ಬೇಡ, ಇಳಿಜಾರು ಬೇಡ, ಜನ ಬೇಡ. ಚಪ್ಪಟೆ ಜಾಗ ಒಂದಿದ್ದರೆ ಸಾಕು ಅಂದರು.

ಮಾರುಕಟ್ಟೆ ಯಾರ್ಡಿನ ಸಿಮೆಂಟು ನೆಲಕ್ಕೆ ಹೋದೆವು. ಬೆಳಿಗ್ಗೆಯ ಹರಾಜು ಮುಗಿದ ಮೇಲೆ ಅಲ್ಲಿ ಮೂಟೆ ಹೊರುವ ನಾಲ್ಕಾರು ಜನ ಬಿಟ್ಟರೆ ಯಾರೂ ಇರುವುದಿಲ್ಲ. ನಾನು ಹುಟ್ಟಾ ಸೈಕಲ್ ಸವಾರನಲ್ಲವೇ, ಎಡಗಾಲು ಪೆಡಲ್ ಮೇಲಿಟ್ಟು, ಬಲಗಾಲಿನಲ್ಲಿ ನಾಲ್ಕು ಹೆಜ್ಜೆ ಕುಂಟಿ, ಠೀವಿಯಿಂದ ಕಾಲು ಎತ್ತಿ ಹಾಕಲು ಹೋದೆ. ನಮ್ಮಲ್ಲಿ ಗಂಡಸರು ಸೈಕಲ್ ಹತ್ತುವುದೇ ಹಾಗೆ. ಆದರೆ ಈ ಸೈಕಲ್ಲಿನಲ್ಲಿ ಚಕ್ರ ಉರುಳಿದ ಕೂಡಲೇ ಪೆಡಲ್ ನನ್ನ ಎಡಗಾಲನ್ನು ಕೆಳಗೆ ಕರೆದುಕೊಂಡು ಹೋಗಿ, ಹಿಂದೆ ತಿರುಗಿಸಿ, ಮೇಲಕ್ಕೆ ಎತ್ತಿತು. ಒಂದು ಕಾಲು ಆಕಾಶಕ್ಕೆ, ಒಂದು ಕಾಲು ಪಾತಾಳಕ್ಕೆ. ಮೂಟೆಯವರು ಬೀಡಿ ಬಿಸಾಕಿ ನಕ್ಕರು.

ಯಜಮಾನರು ಮೊದಲಿನಿಂದ ಶುರುಮಾಡಿದರು. ಬ್ರೇಕ್ ಹಿಡಿದುಕೊಂಡು ನಿಂತಲ್ಲೇ ಸೀಟು ದಾಟಿಸಿ ಕಾಲು ಹಾಕು. ಹಿಂದಿನ ಚಕ್ರ ಸ್ವಲ್ಪ ಎತ್ತಿ ಪೆಡಲ್ಲನ್ನು ಬೇಕಾದ ಎತ್ತರಕ್ಕೆ ತಂದುಕೋ. ಆಮೇಲೆ ತುಳಿ. ತುಳಿದ ಮೇಲೆ ಕಾಲಿನ ಯೋಚನೆ ಬಿಡು, ಅದು ತಿರುಗುತ್ತಿರಲಿ. ತಿರುವಿನಲ್ಲಿ ಬಹಳ ಓರೆಯಾಗಬೇಡ, ಪೆಡಲ್ ನೆಲಕ್ಕೆ ತಾಗುತ್ತದೆ. ನಿಲ್ಲುವ ಮನಸ್ಸಿದ್ದರೆ ಇಪ್ಪತ್ತು ಮಾರು ಮೊದಲೇ ಮನಸ್ಸು ಮಾಡು. ಪೂರ್ತಿ ನಿಂತ ಮೇಲೇ ಇಳಿ.

"ಇಪ್ಪತ್ ಮಾರ್ ಮೊದ್ಲೇ ಮನ್ಸ್ ಮಾಡೋ ಅಭ್ಯಾಸ ನಂಗಿಲ್ಲ ಯಜಮಾನ್ರೇ" ಅಂದೆ.

"ಊರ್ಗೆಲ್ಲ ಗೊತ್ತು" ಅಂದರು ಅವರು.

ವಾರದಲ್ಲಿ ಮೂರು ದಿನ, ಹರಾಜು ಮುಗಿದ ಮೇಲೆ ಒಂದು ಗಂಟೆ ಅಭ್ಯಾಸ. ಸಾಯಂಕಾಲ ಮಗಳು ಬರುವ ಮೊದಲು ಸೈಕಲ್ ಒರೆಸಿ ಕೊಕ್ಕೆಗೆ ಹಾಕುತ್ತಿದ್ದೆ. ಹೆಂಡತಿಗೆ ಎರಡನೇ ದಿನವೇ ಗೊತ್ತಾಯಿತು. ಮೊಣಕಾಲಿನ ಕೆಳಗೆ ಪೆಡಲ್ ಬಡಿದ ಗಾಯಕ್ಕೆ ಅರಿಶಿನ ಹಚ್ಚುತ್ತ, "ಏನ್ರೀ ಇದು ಈ ವಯಸ್ನಲ್ಲಿ" ಅಂದಳು, ಮಗಳಿಗೆ ಮಾತ್ರ ಹೇಳಲಿಲ್ಲ.

ವಿಚಿತ್ರವೆಂದರೆ ನನಗೆ ಅದು ಹಿಡಿಸತೊಡಗಿತು. ನಾನು ಯಾವತ್ತೂ ಅರ್ಧ ಕೆಲಸ ಮಾಡಿ ಉಳಿದರ್ಧ ತಾನೇ ಆಗಲಿ ಅಂತ ಬಿಡುವ ಮನುಷ್ಯ. ಈ ಸೈಕಲ್ಲಿನಲ್ಲಿ ಆ ಆಟ ನಡೆಯುವುದಿಲ್ಲ. ಎಷ್ಟು ದೂರ ಹೋಗುತ್ತೀಯೋ ಅಷ್ಟು ದೂರವೂ ನೀನೇ ಹೋಗಬೇಕು. ಮೂರನೇ ವಾರದ ಹೊತ್ತಿಗೆ ಯಾರ್ಡಿನ ಸುತ್ತ ಹತ್ತು ಸುತ್ತು ಹೊಡೆಯುತ್ತಿದ್ದೆ. ಕಾಲಿನ ಭಾರ ಕೊಟ್ಟು ವೇಗ ತಗ್ಗಿಸುವುದೂ ಬಂದಿತ್ತು. ಇನ್ನು ಮಗಳಿಗೆ ತೋರಿಸಬಹುದು ಅಂದುಕೊಂಡೆ.

ಅವತ್ತು ಕಾರ್ತಿಕದ ಒಂದು ಸೋಮವಾರ. ಮುಂಚೆ ಹೋದ ಯಾವುದೋ ಟ್ರ್ಯಾಕ್ಟರಿನಿಂದ ಭತ್ತದ ಹುಲ್ಲು ಯಾರ್ಡಿನ ಒಂದು ಮೂಲೆಯಲ್ಲಿ ಉದುರಿತ್ತು. ನಾನು ಹದವಾದ ಓಟದಲ್ಲಿದ್ದೆ. ಹುಲ್ಲು ಕಂಡಿತು. ನಾನೇನೂ ಯೋಚಿಸಲಿಲ್ಲ. ನಲವತ್ತು ವರ್ಷದ ಅಭ್ಯಾಸ ನೋಡಿ, ಕಾಲು ತಾವಾಗೇ ನಿಂತವು. ನಿಂತವು ಅಂದೆ, ಅಷ್ಟೇ. ಪೆಡಲ್ ನಿಲ್ಲಲಿಲ್ಲ. ಅದು ನನ್ನ ಬಲಗಾಲನ್ನು ಒದ್ದು ಮೇಲಕ್ಕೆಸೆಯಿತು, ಸೊಂಟ ಸೀಟಿನಿಂದ ಜಾರಿತು, ಹಿಂದಿನ ಚಕ್ರ ಹುಲ್ಲಿನ ಮೇಲೆ ಓರೆಯಾಯಿತು. ನಾನು ಎಡಗಡೆಗೆ ದೊಪ್ಪನೆ ಬಿದ್ದೆ.

ಮೊಣಕೈ ತರಚಿತ್ತು, ಬೇರೇನೂ ಆಗಿರಲಿಲ್ಲ. ಯಜಮಾನರು ಬಂದು ನಿಂತರು.

"ಚೆನ್ನಾಗೇ ಬತ್ತಿದ್ರಲ್ಲ, ಕಾಲ್ ಯಾಕ್ ನಿಲ್ಸುದ್ರಿ?"

"ಹುಲ್ಲಿತ್ತಲ್ಲ, ಚೈನಿಗೆ..." ಅಂದವನು ಅಲ್ಲಿಗೇ ನಿಲ್ಲಿಸಿದೆ.

ಏಳಲಿಲ್ಲ. ಕೂತೇ ಇದ್ದೆ. ಪೆಟ್ಟಾಗಿದೆ ಅಂತ ಅವರು ಕೈ ಹಿಡಿದರು, ನಾನು ಬೇಡ ಅಂದೆ. ಆ ಇಳಿಜಾರು, ಆ ಹುರುಳಿ, ಅವಳ ತಿರುಗುತ್ತಿದ್ದ ಕಾಲು ಎಲ್ಲ ಕಣ್ಣ ಮುಂದೆ ಬಂತು. ಅವಳು ಸರಿಯಾಗೇ ಹೋಗುತ್ತಿದ್ದಳು. ಕಾಲಿನಲ್ಲೇ ತಡೆದು ತಡೆದು ನಿಧಾನ ಮಾಡಿಕೊಂಡು ದಾಟುವುದರಲ್ಲಿದ್ದಳು. ನಾನು ಕೂಗಿದೆ. ಬೆಲ್ಟಿನ ಹತ್ತಿರ ಹೋದ ಮಗು ನಿಲ್ಲುವ ಹಾಗೆ ಅವಳು ನಿಲ್ಲಿಸಿದಳು. ಬ್ರೇಕಲ್ಲ, ಹುರುಳಿಯಲ್ಲ, ಆ ಹೆಂಗಸಲ್ಲ. ನನ್ನ ಮಗಳ ಎಲುಬು ಮುರಿದವನು ನಾನು.

ಹತ್ತು ತಿಂಗಳು ನಾನು ಊರಿಗೆಲ್ಲ ಸುಳ್ಳು ಹೇಳಿಕೊಂಡು ತಿರುಗಿದ್ದೆ, ಅವಳು ಅದನ್ನು ಕೇಳಿಸಿಕೊಂಡು ಸುಮ್ಮನಿದ್ದಳು. ನನಗೆ ಅಳು ಬಂತು. ಹೆಲ್ಮೆಟ್ಟಿನೊಳಗೇ ಅತ್ತೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬಂದ ಬುದ್ಧಿಯನ್ನಾದರೂ ಆ ದಿನವೇ ಮಗಳ ಮುಂದೆ ಹೇಳಿದೆನೋ? ಇಲ್ಲ. ಬೈಯುವುದಕ್ಕೆ ನನಗೆ ಮೂವತ್ತು ವರ್ಷದ ಅನುಭವವಿದೆ, ತಪ್ಪಾಯಿತು ಅನ್ನುವುದಕ್ಕೆ ಒಂದು ದಿನದ್ದೂ ಇಲ್ಲ. ಸಾಯಂಕಾಲ ಅವಳು ಬಂದರೆ ಮೋಟಾರು ಹಾಕಿಕೊಂಡು ಮಿಲ್ಲಿನೊಳಗೇ ಇದ್ದುಬಿಡುತ್ತಿದ್ದೆ. ಅಭ್ಯಾಸಕ್ಕೂ ಹೋಗಲಿಲ್ಲ. ಹೀಗೇ ಒಂದು ತಿಂಗಳು ಕಳೆಯಿತು.

ಮತ್ತೆ ಹುರುಳಿ ಕೀಳುವ ಕಾಲ ಬಂತು. ಮಗಳ ಮುಂದೆ ಬಾಯಿ ಬರದಿದ್ದರೆ ಮೊದಲು ಬೇರೆ ಕಡೆ ಅಭ್ಯಾಸ ಮಾಡೋಣ ಅಂತ ಒಂದು ಬೆಳಿಗ್ಗೆ ಸ್ಕೂಟರ್ ತೆಗೆದುಕೊಂಡು ನರಸೀಪುರದ ರಸ್ತೆ ಹಿಡಿದೆ. ಅದೇ ಹಳ್ಳಿ, ಅದೇ ಇಳಿಜಾರು. ಆಕೆ ಹುರುಳಿ ತೂರುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಮೊರ ಕೆಳಗಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು. ಅದು ನನಗೆ ಚಪ್ಪಲಿಯಲ್ಲಿ ಹೊಡೆದ ಹಾಗಾಯಿತು.

"ಅವ್ವಾ, ಬೈಯಕ್ಕೆ ಬಂದಿಲ್ಲ" ಅಂದೆ. "ಅವತ್ತು ತಪ್ಪು ನಂದು. ನಾನು ಕೂಗಿದ್ದಕ್ಕೇ ಮಗಳು ಬಿದ್ದಿದ್ದು."

"ಗೊತ್ತು ಕನಪ್ಪಾ" ಅಂದಳು ಆಕೆ. "ನಾನ್ ಇಲ್ಲೇ ನಿಂತಿದ್ನಲ್ಲ. ಮಗ ನೆಟ್ಟಗೇ ಬತ್ತಿತ್ತು. ನೀವ್ ಕೂಗ್ದೇಟ್ಗೆ ಬಿತ್ತು. ಅವತ್ತೇ ಯೋಳವಾ ಅಂದ್ಕಂಡೆ, ನಿಮ್ ಬಾಯ್ ಕಂಡು ಸುಮ್ಗಾದೆ." ಆಮೇಲೆ ಕೇಳಿದಳು, "ಮಗ ಎಂಗದೆ ಈಗ? ಸೈಕಲ್ ತುಳೀತ್ತಾ?"

ಇಲ್ಲ ಅಂದೆ. ಆಕೆ ಲೊಚಗುಟ್ಟಿ, ಒಂದು ಸೇರು ಹುರುಳಿಯನ್ನು ಚೀಲಕ್ಕೆ ಸುರಿದು ಕೈಗಿಟ್ಟಳು. "ಬಸ್ಸಾರ್ ಮಾಡ್ಕೊಡಿ ಮಗೀಗೆ."

ಆ ಚೀಲ ಹಿಡಿದುಕೊಂಡೇ ಸಾಯಂಕಾಲ ಮಗಳಿಗಾಗಿ ಕಾದೆ. ಮಿಲ್ ನಿಲ್ಲಿಸಿದ್ದೆ. ಸೈಕಲ್ಲನ್ನು ಕೊಕ್ಕೆಯಿಂದ ಇಳಿಸಿ ಗೋಡೆಗೆ ಒರಗಿಸಿದ್ದೆ. ಅವಳು ಒಳಗೆ ಬಂದು ಸೈಕಲ್ ನೋಡಿದಳು, ನನ್ನ ಮೊಣಕೈಯ ಮೇಲಿನ ಗಾಯದ ಕಲೆ ನೋಡಿದಳು. ಮೆತ್ತಗೆ ಹೇಳಬೇಕು ಅಂತ ಇಡೀ ದಿನ ಅಭ್ಯಾಸ ಮಾಡಿಕೊಂಡಿದ್ದೆ. ಹೇಳಿದೆ. ಎಲ್ಲ ಹೇಳಿದೆ, ಹುಲ್ಲು, ಪೆಡಲ್, ಆ ಹೆಂಗಸು, ಎಲ್ಲ.

"ಗೊತ್ತಪ್ಪಾ" ಅಂದಳು.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ನಿನಗೆ ಬೇಜಾರಾಗುತ್ತೆ ಅಂತ."

"ಅಷ್ಟಕ್ಕೇ ಸೈಕಲ್ ಬಿಡಬೇಕಾ? ಒಂದು ಸಲ ಬಿದ್ದದ್ದಕ್ಕೆ ಹೆದರಿಕೊಂಡು..."

ಅವಳು ನನ್ನ ಮಾತನ್ನು ಅರ್ಧಕ್ಕೆ ತಡೆದಳು. ಹುಟ್ಟಿದ ಮೇಲೆ ಅದೇ ಮೊದಲು. "ಬಿದ್ದದ್ದಕ್ಕೆ ಹೆದರಿಕೆ ಇಲ್ಲಪ್ಪ. ಟ್ರ್ಯಾಕಲ್ಲಿ ಎಷ್ಟು ಸಲ ಬಿದ್ದಿಲ್ಲ ನಾನು? ಏನ್ ಮಾಡ್ಬೇಕು ಅಂತ ನನ್ನ ಕಾಲಿಗೆ ಅವತ್ತು ಚೆನ್ನಾಗಿ ಗೊತ್ತಿತ್ತು. ಎರಡು ವರ್ಷ ಕಲಿತಿದ್ದು. ನೀನು ಒಂದೇ ಒಂದು ಸಲ ಕೂಗಿದೆ, ಅದೆಲ್ಲ ಎಲ್ಲೋಯ್ತೋ. ಟ್ರ್ಯಾಕಿನ ಸುತ್ತ ಕೂತೋರೆಲ್ಲ ಕೂಗ್ತಾನೇ ಇರ್ತಾರೆ. ಅವರಲ್ಲಿ ಯಾರೋ ನಿನ್ನಂಥ ದನಿಯೋರು 'ನಿಲ್ಸು' ಅಂದು ನನ್ನ ಕಾಲು ನಿಂತ್ರೆ? ಹಿಂದೆ ಬರೋರೂ ಬೀಳ್ತಾರೆ. ಇನ್ನೊಬ್ಬರ ಮಾತು ಕೇಳೋ ಕಾಲು ಇಟ್ಕೊಂಡು ಆ ಸೈಕಲ್ ಹತ್ತಬಾರದಪ್ಪ."

ಬೆಲ್ಟಿನಿಂದ ಅವಳನ್ನು ಉಳಿಸಿದ್ದು ಆ ಪಾಠವೇ. ಅದನ್ನು ಕಲಿಸಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಆದರೆ ಬೆಳೆದ ಮೇಲೆ ಅದನ್ನು ಬಿಡಿಸಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಹುರುಳಿಯ ಚೀಲವನ್ನು ಒಯ್ದು ಹೆಂಡತಿಯ ಕೈಗೆ ಕೊಟ್ಟೆ.

ರಾತ್ರಿ ಬಸ್ಸಾರು ಊಟ ಮಾಡುವಾಗ ಅವಳೇ ಕೇಳಿದಳು. "ಭಾನುವಾರ ಯಾರ್ಡಿಗೆ ಬರ್ತೀಯಾ?"

"ಯಾಕೆ?"

"ಕೂಗಕ್ಕೆ."

ಭಾನುವಾರ ನಾವಿಬ್ಬರೂ ಯಾರ್ಡಿಗೆ ಹೋದೆವು. ಸೈಕಲ್ ಶಾಪಿನ ಯಜಮಾನರೂ ಬಂದು ಒಂದು ಕಲ್ಲಿನ ಮೇಲೆ ಕೂತರು. ಮಗಳು ಚೈನು, ನಟ್ಟು, ಮುಂದಿನ ಬ್ರೇಕು ಎಲ್ಲ ತಾನೇ ನೋಡಿಕೊಂಡಳು. ಅತ್ತ ಇತ್ತ ಬಿದ್ದಿದ್ದ ಹುಲ್ಲನ್ನು ತಂದು ನೆಲದ ಅಡ್ಡಕ್ಕೆ ತೆಳ್ಳಗೆ ಹರಡಿದಳು. ಹೆಲ್ಮೆಟ್ಟಿನ ಪಟ್ಟಿ ಬಿಗಿದು, "ನಾನು ಹುಲ್ಲಿನ ಹತ್ತಿರ ಬಂದಾಗೆಲ್ಲ 'ಕಾಲ್ ನಿಲ್ಸು' ಅನ್ನು. ಅವತ್ತಿನ ಹಾಗೇ ಅನ್ಬೇಕು" ಅಂದಳು.

ಮೊದಲ ಸುತ್ತಿನಲ್ಲಿ ನನ್ನ ಬಾಯಿಂದ ದನಿಯೇ ಹೊರಡಲಿಲ್ಲ. ಅವಳು ನಿಂತು, "ಇದೇನಾ ನಿನ್ನ ಗಂಟಲು? ಹಿಟ್ಟಿನ ಮಿಲ್ ಮುಚ್ಚಿಬಿಡು" ಅಂದಳು. ಎರಡನೇ ಸುತ್ತಿಗೆ ಕಣ್ಣು ಮುಚ್ಚಿಕೊಂಡು ಕೂಗಿದೆ. ಕಣ್ಣು ತೆರೆದಾಗ ಸೈಕಲ್ ಓಲಾಡಿ, ಅವಳು ಬ್ರೇಕ್ ಹಿಡಿದು ನೆಲಕ್ಕೆ ಕಾಲು ಕೊಟ್ಟಿದ್ದಳು. ಕಾಲು ನಿಂತಿತ್ತು. ಮುಖ ಬಿಳಿಚಿತ್ತು. ಸಾಕು ಮನೆಗೆ ಹೋಗೋಣ ಅಂದೆ. ಅವಳು ಆಗಲೇ ಹಿಂದಿನ ಚಕ್ರ ಎತ್ತಿ ಪೆಡಲ್ ಸರಿಮಾಡಿಕೊಳ್ಳುತ್ತಿದ್ದಳು.

ಮೂರನೇ ಸುತ್ತಿನಲ್ಲಿ ಕಾಲು ಅರೆಕ್ಷಣ ತಡವರಿಸಿತು. ನಾಲ್ಕರಲ್ಲೂ ಹಾಗೇ. ಐದರಲ್ಲಿ ನಾನು ಕೂಗುವ ಮೊದಲೇ ಅವಳ ಹೆಗಲು ಬಿಗಿದುಕೊಂಡಿತು. ಹೆಗಲು ಬಿಡವ್ವ, ಉಸಿರಾಡವ್ವ ಅಂತ ಯಜಮಾನರು ಕೂತಲ್ಲಿಂದಲೇ ಹೇಳಿದರು. ಮೂಟೆಯವರು ಬಂದು ಸುತ್ತ ನಿಂತರು. ಅವರಲ್ಲೊಬ್ಬನಿಗೆ ನನ್ನ ಮೇಲೆ ಸಿಟ್ಟೇ ಬಂತು. "ಯಾಕ್ ಸಾ, ಆ ಮಗೀನ್ ಅಂಗ್ ಗದುರ್ಸ್ತೀರಿ? ಅದ್ರ ಪಾಡ್ಗದು ಓಗ್ತಾದೆ" ಅಂದ. ನಾನು ಅವನಿಗೆ ಕೈಮುಗಿದು ಮತ್ತೆ ಕೂಗಿದೆ.

ಎಷ್ಟು ಸುತ್ತಾಯಿತೋ ನಾನು ಎಣಿಸಲಿಲ್ಲ. ಬಿಸಿಲೇರಿತು, ಗಂಟಲು ಕಟ್ಟಿತು. ಒಂದು ಸುತ್ತಿನಲ್ಲಿ ಅವಳು ತಿರುವು ದಾಟಿ ನೇರ ಹುಲ್ಲಿನ ಕಡೆ ಬಂದಳು. ಅವಳ ಮುಖ ಬೇರೆಯಾಗಿತ್ತು, ನನ್ನ ಕಡೆ ಇರಲೇ ಇಲ್ಲ. ನಾನು ಇದ್ದ ಶಕ್ತಿಯೆಲ್ಲ ಸೇರಿಸಿ, ಬೆಲ್ಟಿನ ಹತ್ತಿರ ಮಗು ಹೋದಾಗ ಕೂಗುತ್ತಿದ್ದ ಹಾಗೇ ಕೂಗಿದೆ. 'ಕಾಲ್ ನಿಲ್ಸು!' ಕೂಗು ನಡುವೆಯೇ ಒಡೆದುಹೋಯಿತು. ಸೈಕಲ್ಲು ಸರಸರ ಅಂತ ಹುಲ್ಲಿನ ಮೇಲೆ ಹಾದು ಆ ಕಡೆ ಹೋಯಿತು. ಅವಳ ಎರಡೂ ಕಾಲು ಹೇಗಿದ್ದವೋ ಹಾಗೇ ತಿರುಗುತ್ತಿದ್ದವು. ಅವಳು ತಿರುಗಿ ಕೂಡ ನೋಡಲಿಲ್ಲ.

ನನ್ನ ಕಣ್ಣು ತುಂಬಿಬಂದಿತ್ತು. ಪಕ್ಕದಲ್ಲಿದ್ದ ಮೂಟೆಯವರ ಕಡೆ ತಿರುಗಿ, ಉಳಿದಿದ್ದ ಒಂದಿಷ್ಟು ದನಿಯಲ್ಲಿ ಹೇಳಿದೆ.

"ನೋಡ್ರಪ್ಪಾ, ನನ್ನ ಮಗಳು ನನ್ನ ಮಾತೇ ಕೇಳ್ತಿಲ್ಲ."